ಬಂದಳಿಕೆ ಅನ್ನಲೇ, ಮಿಸಲ್‌ಟೋ ಅನ್ನಲೇ?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಕ್ರಿಸ್‌ಮಸ್ ಕಥೆಗಳಲ್ಲಿ ಬರುವ ಮಿಸಲ್‌ಟೋ ಅನ್ನುವ ಗಿಡಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವ ಹತ್ತಿರ ಸಿಕ್ಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು.

ಡಿಸೆಂಬರ್ ಬಂತೆಂದರೆ ನಾನು ಓದುವುದು ಬರೀ ಕ್ರಿಸ್‌ಮಸ್ ಕಥೆಗಳನ್ನು. ಅದರಲ್ಲೂ ಇಂಗ್ಲೆಂಡಿನ ರೀಜೆನ್ಸಿ ಕಾಲದ ಪ್ರಣಯ ಕಾದಂಬರಿಗಳು ನನಗೆ ತುಂಬಾ ಇಷ್ಟ. ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತದೆ, ಕುದುರೆ ಗಾಡಿ ಮುಂದೆ ಹೋಗುವುದಿಲ್ಲ, ಮಾತು ಬಿಟ್ಟಿದ್ದ ಇಬ್ಬರು ಒಂದೇ ಮನೆಯಲ್ಲಿ ಹಬ್ಬದ ಹನ್ನೆರಡೂ ದಿನ ಉಳಿಯಬೇಕಾಗುತ್ತದೆ. ಕೊನೆಗೆ ಏನಾಗುತ್ತದೆ ಅಂತ ಮೊದಲೇ ಗೊತ್ತಿದ್ದರೂ ಓದುವ ಸುಖ ಕಡಿಮೆಯಾಗುವುದಿಲ್ಲ. ಓದಿದ ಒಂದೊಂದಕ್ಕೂ ಕನ್ನಡದಲ್ಲಿ ಒಂದು ಪುಟದ ಪರಿಚಯ ಬರೆದು ನಮ್ಮ ಓದುವ ಬಳಗದವರಿಗೆ ಕಳಿಸುತ್ತೇನೆ.

ಹೋದ ವಾರದ ಪರಿಚಯದಲ್ಲಿ ಹೀಗೆ ಬರೆದಿದ್ದೆ: "ಬಾಗಿಲ ಮೇಲೆ ತೂಗುಹಾಕಿದ್ದ ಬಂದಳಿಕೆಯ ಕೆಳಗೆ ಅವನು ಅವಳಿಗೆ ಮೊದಲ ಮುತ್ತು ಕೊಡುತ್ತಾನೆ." ಬಳಗದ ಹಿರಿಯರೊಬ್ಬರು, ಮಾವಿನ ತೋಟ ಇರುವವರು, ತಕ್ಷಣ ಕೇಳಿದರು: "ಬಂದಳಿಕೆ ಅಂದ್ರೆ ಮರಕ್ಕೆ ಹತ್ತೋ ಪೀಡೆ ಕಣಮ್ಮ. ಅದನ್ನ ಯಾರಾದ್ರೂ ಮನೆಯೊಳಗೆ ತಂದು ಕಟ್ತಾರಾ?"

ಅವರು ಕೇಳಿದ್ದು ಸರಿಯಾಗಿಯೇ ಇದೆ. ಆದರೆ ಸಸ್ಯದ ಲೆಕ್ಕದಲ್ಲಿ ನನ್ನ ಪದವೂ ತಪ್ಪಲ್ಲ. ಸಸ್ಯಶಾಸ್ತ್ರದ ಹೆಸರು ಹೇಳುವುದಾದರೆ ಇಂಗ್ಲೆಂಡಿನ ಮಿಸಲ್‌ಟೋ ವಿಸ್ಕಮ್ ಆಲ್ಬಮ್, ನಮ್ಮ ಮಾವಿನ ಮರಗಳಲ್ಲಿ ಜಾಸ್ತಿ ಕಾಣುವ ಬಂದಳಿಕೆ ಡೆಂಡ್ರೋಫ್ತೆ ಫಾಲ್ಕಾಟ. ಜಾತಿ ಬೇರೆ, ಬದುಕುವ ರೀತಿ ಒಂದೇ. ಎರಡೂ ಬೇರೆ ಮರದ ಕೊಂಬೆಯೊಳಗೆ ಬೇರಿಳಿಸಿ ನೀರು ಹೀರುತ್ತವೆ, ಎರಡರ ಹಣ್ಣೂ ಅಂಟು, ಎರಡರ ಬೀಜವನ್ನೂ ಹಕ್ಕಿಗಳೇ ಮರದಿಂದ ಮರಕ್ಕೆ ದಾಟಿಸುತ್ತವೆ. ನಮ್ಮಲ್ಲಿ ಒಂದು ಪುಟ್ಟ ಹಕ್ಕಿಗೆ ಬದನಿಕೆ ಹಕ್ಕಿ ಅಂತಲೇ ಹೆಸರಿದೆ (ಬದನಿಕೆ ಅಂದರೆ ಬಂದಳಿಕೆಯೇ), ಅಲ್ಲಿಯೂ ಒಂದು ಹಕ್ಕಿಗೆ ಮಿಸಲ್ ಥ್ರಷ್ ಅನ್ನುತ್ತಾರೆ. ಎರಡು ನಾಡಿನವರೂ ಒಂದೇ ಸಂಗತಿಯನ್ನು ನೋಡಿ ಹೆಸರಿಟ್ಟಿದ್ದಾರೆ ಅನ್ನುವುದು ನನಗೆ ಬಹಳ ಹಿಡಿಸಿತು.

ತೊಡಕು ಇರುವುದು ಪದದ ಜೊತೆ ಬರುವ ಭಾವನೆಯಲ್ಲಿ. ನಮ್ಮ ಮಾವಿನ ಮರಗಳು ವರ್ಷವೆಲ್ಲ ಹಸಿರಾಗಿರುತ್ತವೆ, ಬಂದಳಿಕೆಯ ಹಸಿರು ಅಲ್ಲಿ ವಿಶೇಷ ಅನ್ನಿಸುವುದಿಲ್ಲ, ಕಂಡರೆ ರೈತ ಕೊಂಬೆ ಸಮೇತ ಕಡಿಯುತ್ತಾನೆ. ಸಂಸ್ಕೃತದ ವೃಕ್ಷಾದನಿ ಅನ್ನುವ ಹೆಸರಿನ ಅರ್ಥವೂ ಮರ ತಿನ್ನುವುದು ಅಂತಲೇ. ಇಂಗ್ಲೆಂಡಿನ ಚಳಿಗಾಲದಲ್ಲಿ ಸೇಬಿನ ಮರ ಬೋಳಾಗಿ ನಿಂತಿರುವಾಗ ಅದರ ಮೇಲೆ ಹಸಿರಾಗಿ ಉಳಿಯುವುದು ಇದೊಂದೇ. ಅದಕ್ಕೇ ಅವರಿಗೆ ಅದು ಶುಭ.

ಈ ಪದವನ್ನು ಬಿಟ್ಟು ಮುಂದೆ ಹೋಗೋಣ ಅಂದರೆ ಆಗುವುದಿಲ್ಲ. ರೀಜೆನ್ಸಿ ಅಂದರೆ 1811ರಿಂದ 1820, ರಾಜ ಮೂರನೇ ಜಾರ್ಜ್ ಕಾಯಿಲೆ ಬಿದ್ದು ಅವನ ಬದಲಿಗೆ ಮಗ ರೀಜೆಂಟ್ ಆಗಿ ಆಳಿದ ಕಾಲ. (ರೀಜೆಂಟ್ ಪದವನ್ನು ಹಾಗೇ ಇಟ್ಟುಕೊಳ್ಳುತ್ತೇನೆ, ಮೈಸೂರಿನ ವಾಣಿವಿಲಾಸ ಸನ್ನಿಧಾನದವರು 1895ರಿಂದ 1902ರವರೆಗೆ ರೀಜೆಂಟ್ ಆಗಿದ್ದರಲ್ವಾ, ನಮಗೆ ಹೊಸದೇನಲ್ಲ.) ಆಗ ಸಾಮಾನ್ಯ ಮನೆಗಳಲ್ಲಿ ಕ್ರಿಸ್‌ಮಸ್ ಮರ ಇರಲಿಲ್ಲ. ರಾಣಿ ಶಾರ್ಲೆಟ್ 1800ರಲ್ಲಿ ವಿಂಡ್ಸರ್‌ನಲ್ಲಿ ಒಂದು ಮರ ಅಲಂಕರಿಸಿದ್ದು ನಿಜ, ಆದರೆ ಜನರಿಗೆ ಅದರ ಹುಚ್ಚು ಹಿಡಿದದ್ದು 1848ರಲ್ಲಿ ರಾಣಿ ವಿಕ್ಟೋರಿಯಾ ಕುಟುಂಬ ಕ್ರಿಸ್‌ಮಸ್ ಮರದ ಸುತ್ತ ನಿಂತ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ. ಅಚ್ಚಾದ ಕ್ರಿಸ್‌ಮಸ್ ಕಾರ್ಡ್ ಬಂದದ್ದೂ 1843ರಲ್ಲಿ. ಆದ್ದರಿಂದ 1815ರ ಹಳ್ಳಿ ಮನೆಯಲ್ಲಿ ಮೇಣದ ಬತ್ತಿ ಹಚ್ಚಿದ ಮರ ಕಂಡರೆ ನಾನು ಪರಿಚಯದಲ್ಲಿ ಆ ತಪ್ಪನ್ನು ಹೇಳಿಯೇ ಹೇಳುತ್ತೇನೆ. ಆಗಿನ ಹಬ್ಬದ ಅಲಂಕಾರ ಅಂದರೆ ಕ್ರಿಸ್‌ಮಸ್ ಹಿಂದಿನ ದಿನ ಒಳಗೆ ತಂದು ಕಟ್ಟುತ್ತಿದ್ದ ಹಸಿರು ಕೊಂಬೆಗಳು, ಅವುಗಳ ನಡುವೆ ಈ ಬಂದಳಿಕೆ. ಅದರ ಕೆಳಗೆ ಸಿಕ್ಕ ಹುಡುಗಿಗೆ ಹುಡುಗ ಮುತ್ತು ಕೊಡಬಹುದು, ಪ್ರತಿ ಮುತ್ತಿಗೂ ಒಂದು ಹಣ್ಣು ಕೀಳಬೇಕು, ಹಣ್ಣು ಮುಗಿದರೆ ಮುತ್ತೂ ಮುಗಿಯಿತು. ಎಷ್ಟೋ ಕಥೆಗಳು ಇದೊಂದರ ಮೇಲೆಯೇ ನಿಂತಿರುತ್ತವೆ.

ಸುಮ್ನೆ ಮಿಸಲ್‌ಟೋ ಅಂತ ಬರೆಯಬಹುದು. ಆದರೆ ಗೊತ್ತಿಲ್ಲದವರಿಗೆ ಆ ಪದದಿಂದ ಏನೂ ಕಾಣುವುದಿಲ್ಲ, ಎಲೆಯೂ ಇಲ್ಲ, ಹಣ್ಣೂ ಇಲ್ಲ. ಎರಡು ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು "ಮುತ್ತಿನ ಗೊಂಚಲು". ವಿಸ್ಕಮ್ ಹಣ್ಣು ಬಿಳಿ, ಗುಂಡಗೆ, ನೋಡಲು ಮುತ್ತಿನ ಹಾಗೇ ಇರುತ್ತದೆ. ಕೆಳಗೆ ಕೊಡುವುದೂ ಮುತ್ತು, ಮೇಲಿಂದ ಕೀಳುವುದೂ ಮುತ್ತು. ಕನ್ನಡದಲ್ಲಿ ಒಂದೇ ಪದಕ್ಕೆ ಎರಡೂ ಅರ್ಥ ಇರುವುದರಿಂದ ಆಚರಣೆ ಪೂರ್ತಿ ಅದರೊಳಗೇ ಕೂತುಬಿಡುತ್ತದೆ. ಚುಂಬನ ಅಂದರೆ ಈ ಚಂದ ಹೋಗುತ್ತದೆ. ಮೊದಲ ಸಲ "ಬಂದಳಿಕೆಯ ಜಾತಿಯ ಗಿಡ" ಅಂತ ಹೇಳಿ, ಆಮೇಲೆ ಕಥೆಯುದ್ದಕ್ಕೂ ಮುತ್ತಿನ ಗೊಂಚಲು ಅಂತ ಬಳಸುವುದು ನನ್ನ ಯೋಚನೆ. ಓದುವವರು ಇದನ್ನು ಒಡವೆ ಅಂದುಕೊಳ್ಳುತ್ತಾರಾ? ಇದೊಂದೇ ನನ್ನ ಭಯ.

ಇನ್ನೊಂದು ಸಣ್ಣ ಪ್ರಶ್ನೆ. ಈ ಬಗೆಯ ಪುಸ್ತಕಕ್ಕೆ "ಐತಿಹಾಸಿಕ ಕಾದಂಬರಿ" ಅಂದರೆ ನಮ್ಮವರು ದುರ್ಗಾಸ್ತಮಾನ, ಚಿಕವೀರರಾಜೇಂದ್ರದಂಥದ್ದನ್ನು ನಿರೀಕ್ಷಿಸುತ್ತಾರೆ. ಇಲ್ಲಿ ರಾಜ, ಯುದ್ಧ ಇರಲೇಬೇಕು ಅಂತಿಲ್ಲ, ಕಾಲ ಹಳೆಯದು ಅಷ್ಟೇ. "ಹಳೆಗಾಲದ ಪ್ರಣಯ ಕಾದಂಬರಿ" ಅಂತ ಬರೆಯುತ್ತಿದ್ದೇನೆ. ಇದಕ್ಕಿಂತ ಚಿಕ್ಕದು ಇದ್ದರೆ ಹೇಳಿ.

ಬಂದಳಿಕೆಗೆ ನಿಮ್ಮ ಕಡೆ ಏನನ್ನುತ್ತಾರೆ ಅನ್ನುವುದನ್ನೂ ದಯವಿಟ್ಟು ಊರಿನ ಹೆಸರಿನ ಜೊತೆ ಬರೆಯಿರಿ. ಬದನಿಕೆ, ಬಂದನಿಕೆ ಎರಡು ನನಗೆ ಗೊತ್ತು. ಪೀಡೆ ಅನ್ನುವ ಭಾವನೆ ಇಲ್ಲದೆ ಈ ಗಿಡವನ್ನು ಕರೆಯುವ ಹೆಸರು ಎಲ್ಲಾದರೂ ಬಳಕೆಯಲ್ಲಿದೆಯಾ?