ಒಂದೇ ಸ್ಯಾಂಪಲ್, ಬೆಳಗ್ಗೆ ಒಂದು ಲೆಕ್ಕ ಸಂಜೆ ಇನ್ನೊಂದು: ಫೋಟೋದಲ್ಲಿ ಅಳೆಯುವವರು ಸ್ವಲ್ಪ ಹೇಳಿ

ಕೇಳಿದ್ದು

ಎರಕ ಹೊಯ್ದ ಅಲ್ಯೂಮಿನಿಯಂ ತುಂಡು ಕತ್ತರಿಸಿ, ಪಾಲಿಶ್ ಮಾಡಿ, ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆಯುತ್ತೇನೆ. ಒಳಗೆ ಪೊರಾಸಿಟಿ, ಅಂದರೆ ಗಾಳಿಗುಳ್ಳೆ, ಎಷ್ಟು ಪರ್ಸೆಂಟ್ ಇದೆ ಅಂತ ಇಮೇಜ್‌ಜೆ ಸಾಫ್ಟ್‌ವೇರಿನಲ್ಲಿ ಅಳೆಯುವುದು ಕೆಲಸ. ನಿನ್ನೆ ಒಂದು ಸ್ಯಾಂಪಲ್ ಬೆಳಗ್ಗೆ 2.1% ತೋರಿಸಿತು. ಅದೇ ಸ್ಯಾಂಪಲ್ ಸಂಜೆ 3.4%. ಪುಕ್ಕಟೆ ಸಾಫ್ಟ್‌ವೇರ್ ಅಂದ್ರೆ ಹೀಗೇನೆ, ದುಡ್ಡು ಕೊಟ್ಟು ಬೇರೆ ತಗೊಳ್ಳೋಣ ಅಂತಿದ್ದಾರೆ ಮೇಲಿನವರು. ತಗೊಳ್ಳಬೇಕಾ?

ಕ್ಯಾಮೆರಾ ತಪಾಸಣೆ ಕೆಲಸದವರು

ಈಗಲೇ ಬೇಡ ಸರ್. ಮೊದಲು ಕ್ಯಾಮೆರಾ ಸೆಟ್ಟಿಂಗ್ ತೆರೆದು ನೋಡಿ, ಕ್ಯಾಮೆರಾ ತಾನೇ ಬೆಳಕು ಹೊಂದಿಸಿಕೊಳ್ಳುತ್ತಿದೆಯಾ ಅಂತ. ಆಟೋ ಎಕ್ಸ್‌ಪೋಷರ್ ಆನ್ ಇದ್ದರೆ ಆಫ್ ಮಾಡಿ. ಆಟೋ ವೈಟ್ ಬ್ಯಾಲೆನ್ಸ್, ಶಾರ್ಪನಿಂಗ್ ಕೂಡ. ಅವೆಲ್ಲ ಫೋಟೋ ಚೆಂದ ಕಾಣಲಿ ಅಂತ ಇರುವವು, ಅಳತೆಗೆ ಅಲ್ಲ.

ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಹೊಳೆಯುವ ವಾಷರ್‌ಗಳ ಮೇಲೆ ಗೀರು ಹುಡುಕುವ ಕ್ಯಾಮೆರಾ. ಆಗಾಗ ಒಳ್ಳೆಯ ಪೀಸ್‌ಗಳೇ ಸಾಲಾಗಿ ರಿಜೆಕ್ಟ್ ಆಗುತ್ತಿದ್ದವು. ಎರಡು ವಾರ ಕೂತು, ಫೋಟೋ ಪರೀಕ್ಷಿಸುವ ಓಪನ್‌ಸಿವಿ ಕೋಡ್ ತಿದ್ದಿದೆ. ಕೊನೆಗೆ ಗೊತ್ತಾಯಿತು, ಬಿಳಿ ಕೋಟು ಹಾಕಿದವರು ಮೆಷಿನ್ ಹತ್ತಿರ ಬಗ್ಗಿದಾಗ ಮಾತ್ರ ಹಾಗಾಗುತ್ತಿತ್ತು. ಕೋಟಿನ ನೆರಳುಬೆಳಕು ವಾಷರ್ ಮೇಲೆ ಬೀಳುತ್ತಿತ್ತು! ಸುತ್ತ ಒಂದು ಕಪ್ಪು ಡಬ್ಬ ಮುಚ್ಚಿದೆವು, ಕೋಡ್ ಹಳೆಯದಕ್ಕೇ ವಾಪಸ್.

ಮೈಕ್ರೋಸ್ಕೋಪ್ ಲ್ಯಾಬಿನವರು

ಇಮೇಜ್‌ಜೆ ಮೇಲೆ ತಪ್ಪು ಹಾಕಬೇಡಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ವೇಯ್ನ್ ರಾಸ್‌ಬ್ಯಾಂಡ್ 1997ರಲ್ಲಿ ಹೊರತಂದ ಸಾಫ್ಟ್‌ವೇರ್ ಅದು. ಕೋಡ್ ಎಲ್ಲರಿಗೂ ತೆರೆದಿದೆ, ಅಷ್ಟು ವರ್ಷಗಳಿಂದ ವಿಜ್ಞಾನದವರು ಅದರಲ್ಲೇ ಅಳೆಯುತ್ತಿದ್ದಾರೆ. ಬೇಕಾದ ಪ್ಲಗಿನ್, ಅಂದರೆ ಹೆಚ್ಚುವರಿ ಸಲಕರಣೆ, ಎಲ್ಲ ಸೇರಿಸಿಯೇ ಕೊಡುವ ಫಿಜಿ ಅನ್ನೋ ರೂಪವನ್ನೇ ಹಾಕಿಕೊಳ್ಳಿ, ಸುಲಭ.

ಫೋಟೋ ಜೆಪೆಗ್‌ನಲ್ಲಿ ಉಳಿಸುತ್ತಿದ್ದೀರಾ? ಬಿಟ್ಟುಬಿಡಿ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಗುಳ್ಳೆಯ ಅಂಚಿನ ಸುತ್ತ ಇಲ್ಲದ ಬೂದು ಬಣ್ಣ ಹುಟ್ಟುತ್ತದೆ. ನೀವು ಅಳೆಯುವುದೇ ಆ ಅಂಚನ್ನು ಅಲ್ವಾ? ಟಿಫ್‌ನಲ್ಲಿ ಉಳಿಸಿ.

ಇನ್ನೊಂದು, ಮೈಕ್ರೋಸ್ಕೋಪಿನ ಬೆಳಕು ನಡುವೆ ಜಾಸ್ತಿ, ಮೂಲೆಯಲ್ಲಿ ಕಡಿಮೆ. ಕಣ್ಣಿಗೆ ಗೊತ್ತಾಗಲ್ಲ, ಸಾಫ್ಟ್‌ವೇರಿಗೆ ಗೊತ್ತಾಗುತ್ತದೆ. ಮೂಲೆಯ ಗಟ್ಟಿ ಲೋಹವೂ ಕಪ್ಪಾಗಿ ಕಂಡು ಗುಳ್ಳೆ ಲೆಕ್ಕಕ್ಕೆ ಸೇರಿಬಿಡುತ್ತದೆ. ನಾನು ಮಾಡುವುದು ಹೀಗೆ: ಗುಳ್ಳೆಯಿಲ್ಲದ ನುಣುಪು ಜಾಗವನ್ನು ಸ್ವಲ್ಪ ಫೋಕಸ್ ತಪ್ಪಿಸಿ ಒಂದು ಫೋಟೋ, ಬೆಳಕು ಪೂರ್ತಿ ಮುಚ್ಚಿ ಒಂದು ಫೋಟೋ. ಸ್ಯಾಂಪಲ್ ಫೋಟೋದಿಂದಲೂ ನುಣುಪಿನ ಫೋಟೋದಿಂದಲೂ ಕತ್ತಲ ಫೋಟೋ ಕಳೆಯಬೇಕು. ಆಮೇಲೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಭಾಗಿಸುವ ಮೊದಲು 32 ಬಿಟ್ ಮಾಡಿಕೊಳ್ಳಿ, ಇಲ್ಲಾಂದ್ರೆ ದಶಮಾಂಶ ಹಾರಿಹೋಗುತ್ತದೆ.

ಇನ್ನೊಬ್ಬರು

ಥ್ರೆಶೋಲ್ಡ್, ಅಂದರೆ ಎಷ್ಟು ಕಪ್ಪಾದರೆ ಗುಳ್ಳೆ ಅನ್ನುವ ಗೆರೆ, ಅದರ ಸ್ಲೈಡರ್ ಕೈಯಲ್ಲೇ ಎಳೆಯುತ್ತೀರಾ? ಹಾಗಿದ್ರೆ ಕಳ್ಳ ಸಿಕ್ಕ. ಸಂಜೆ ಸುಸ್ತಾದ ಕಣ್ಣು ಬೇರೆ ಕಡೆ ನಿಲ್ಲಿಸುತ್ತದೆ. ಒತ್ಸು ವಿಧಾನ ಆರಿಸಿ, ಅದೇ ಲೆಕ್ಕ ಹಾಕಿಕೊಳ್ಳುತ್ತದೆ.

ಮೈಕ್ರೋಸ್ಕೋಪ್ ಲ್ಯಾಬಿನವರು

ಇಲ್ಲಿ ಒತ್ಸು ಬೇಡ ಅಂತ ನನ್ನ ಅಭಿಪ್ರಾಯ. 1979ರ ಆ ವಿಧಾನ ಕಪ್ಪು ಒಂದು ಗುಂಪು, ಬಿಳಿ ಒಂದು ಗುಂಪು ಅಂತ ಬೇರೆ ಮಾಡುತ್ತದೆ. ಎರಡೂ ಸಾಕಷ್ಟು ಇದ್ದರೆ ಚೆನ್ನಾಗಿ ನಡೆಯುತ್ತದೆ. ಗುಳ್ಳೆ ಇರುವುದೇ 2% ಅಂದ್ರೆ, ಯಾವ ಬೂದು ಎಷ್ಟು ಪಿಕ್ಸೆಲ್ ಇದೆ ಅಂತ ತೋರಿಸುವ ಹಿಸ್ಟೋಗ್ರಾಮ್‌ನಲ್ಲಿ ಎರಡನೇ ಗುಡ್ಡ ಕಾಣುವುದೇ ಇಲ್ಲ, ಗೆರೆ ಲೋಹದ ಬೂದಿನ ಕಡೆಗೇ ಸರಿಯುತ್ತದೆ. ಫಿಜಿಯ ಆಟೋ ಥ್ರೆಶೋಲ್ಡ್‌ನಲ್ಲಿ ಎಲ್ಲ ವಿಧಾನಗಳನ್ನೂ ಒಟ್ಟಿಗೆ ತೋರಿಸುವ ಆಯ್ಕೆ ಇದೆ. ಒಂದು ಸಲ ನೋಡಿ, ಒಂದನ್ನು ಆರಿಸಿ, ಮ್ಯಾಕ್ರೋ, ಅಂದರೆ ಅದೇ ಹೆಜ್ಜೆಗಳನ್ನು ಸಾಫ್ಟ್‌ವೇರ್ ತಾನೇ ಮಾಡುವ ಹಾಗೆ, ಮಾಡಿಟ್ಟುಕೊಳ್ಳಿ. ಆಮೇಲೆ ಕೈ ಹಾಕಬೇಡಿ.

ಮತ್ತೊಬ್ಬರು

ಸ್ಕೇಲ್, ಅಂದರೆ ಒಂದು ಪಿಕ್ಸೆಲ್ ನಿಜದಲ್ಲಿ ಎಷ್ಟು ಉದ್ದ ಅನ್ನುವ ಲೆಕ್ಕ, ಸರಿ ಇದೆಯಾ? ಲೆನ್ಸ್ 10 ಪಟ್ಟಿನದರಿಂದ 5 ಪಟ್ಟಿನದಕ್ಕೆ ಬದಲಾಯಿಸಿ ಹಳೆ ಸ್ಕೇಲಿನಲ್ಲೇ ಅಳೆದರೆ ಉದ್ದ ಅರ್ಧ ಬರುತ್ತದೆ, ವಿಸ್ತೀರ್ಣ ಕಾಲು ಭಾಗ.

ಕ್ಯಾಮೆರಾ ತಪಾಸಣೆ ಕೆಲಸದವರು

ಅದು ಗುಳ್ಳೆಯ ಗಾತ್ರಕ್ಕೆ ಸರಿ ಮೇಡಂ. ಪರ್ಸೆಂಟಿಗೆ ಸ್ಕೇಲ್ ಲೆಕ್ಕಕ್ಕಿಲ್ಲ, ಪಿಕ್ಸೆಲ್ ಎಣಿಸಿದರೆ ಮುಗೀತು. ಆದರೆ ಲೆನ್ಸ್ ಬದಲಾದರೆ ಚಿಕ್ಕ ಗುಳ್ಳೆಗಳಿಗೆ ಕಷ್ಟ. 3 ಪಿಕ್ಸೆಲ್ ಅಗಲದ ಗುಳ್ಳೆಯ ಸುತ್ತ ಒಂದೊಂದು ಪಿಕ್ಸೆಲ್ ಜಾಸ್ತಿ ಸೇರಿತು ಅನ್ಕೊಳ್ಳಿ. ಅಗಲ 5 ಆಯಿತು, ವಿಸ್ತೀರ್ಣ 2.8 ಪಟ್ಟು! 30 ಪಿಕ್ಸೆಲ್ ಗುಳ್ಳೆಗೆ ಅಷ್ಟೇ ತಪ್ಪಾದರೆ ವಿಸ್ತೀರ್ಣ ಜಾಸ್ತಿಯಾಗುವುದು ಸುಮಾರು 14% ಅಷ್ಟೇ.

ಪಾಲಿಶ್ ಕೆಲಸ ಮಾಡಿದವರು

ಎಲ್ಲರೂ ಫೋಟೋ ಆದಮೇಲಿನ ಮಾತೇ ಆಡುತ್ತಿದ್ದೀರಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಪಾಲಿಶ್ ಮಾಡುವಾಗ ಸವರಿಕೊಂಡು ಗುಳ್ಳೆಯ ಬಾಯಿ ಮುಚ್ಚಿಬಿಡುತ್ತದೆ. ಮತ್ತೊಮ್ಮೆ ಪಾಲಿಶ್ ಮಾಡಿದರೆ ಕೆಲವು ತೆರೆಯುತ್ತವೆ. ಬೆಳಗ್ಗೆ ಸಂಜೆ ನಡುವೆ ಪಾಲಿಶ್ ಮಾಡಿದಿರಾ?

ಕೇಳಿದವರು

ಇಲ್ಲ ಸರ್, ಪಾಲಿಶ್ ಒಂದೇ ಸಲ. ಆಟೋ ಎಕ್ಸ್‌ಪೋಷರ್ ಆನ್ ಇತ್ತು, ಆಫ್ ಮಾಡಿದೆ. ಸ್ಲೈಡರ್ ಕೈಯಲ್ಲೇ ಎಳೀತಿದ್ದೆ, ಒಪ್ಪಿಕೊಂಡೆ. ಮ್ಯಾಕ್ರೋ ಮಾಡಿದೆ. ಈಗ ಒಂದೇ ಫೋಟೋ ಎಷ್ಟು ಸಲ ಅಳೆದರೂ ಒಂದೇ ಲೆಕ್ಕ. ಆದರೆ ಹೊಸ ಫೋಟೋ ತೆಗೆದರೆ ಮತ್ತೆ ಬೇರೆ: 1.9, 3.1, 2.4. ಬೆಳಗ್ಗೆ ತೆಗೆದ ಜಾಗವೇ ಸಂಜೆ ಸಿಕ್ಕಿತ್ತಾ ಅಂದ್ರೆ, ಇಲ್ಲ. ಅಂದಾಜಿನ ಮೇಲೆ ಇಡುತ್ತಿದ್ದೆ.

ಮೈಕ್ರೋಸ್ಕೋಪ್ ಲ್ಯಾಬಿನವರು

ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತಾ! ಸ್ಯಾಂಪಲ್ ಒಂದೇ, ಜಾಗ ಬೇರೆ. ಗುಳ್ಳೆಗಳು ಎಲ್ಲ ಕಡೆ ಸಮನಾಗಿ ಇರಲ್ಲ, ಅಲ್ಲಲ್ಲಿ ಗುಂಪಾಗಿರುತ್ತವೆ. ನಿಮ್ಮ 2.1, 3.4 ಬಹುಶಃ ಎರಡೂ ಸರಿ. ಸ್ಟೇಜ್, ಅಂದರೆ ಸ್ಯಾಂಪಲ್ ಇಡುವ ತಟ್ಟೆ, ಅದನ್ನು ಒಂದೇ ಅಳತೆಯ ಹೆಜ್ಜೆಯಲ್ಲಿ ಸರಿಸುತ್ತಾ ಹೋಗಿ 20 ಫೋಟೋ ತೆಗೆಯಿರಿ. ಗುಳ್ಳೆ ಕಂಡ ಕಡೆ ನಿಲ್ಲಿಸಬೇಡಿ, ಹೆಜ್ಜೆ ಎಲ್ಲಿ ಬಿತ್ತೋ ಅಲ್ಲೇ. ಸರಾಸರಿ ಬರೆಯಿರಿ, ಪಕ್ಕದಲ್ಲೇ ಅತಿ ಕಡಿಮೆ, ಅತಿ ಜಾಸ್ತಿ ಬಂದದ್ದೂ ಬರೆಯಿರಿ. ಮೇಲಿನವರಿಗೆ ಆ 20 ಫೋಟೋಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿ, ಸಾಫ್ಟ್‌ವೇರಿನ ಮಾತು ಆಮೇಲೆ ಎತ್ತಲಿ.