ಅಪ್ಪ ಹಾಡುವಾಗ ಒಂದು ಪದ ಮೂರು ಸಲ ಬರುತ್ತೆ, ಆ ಥರದ ಹಾಡು ಎಲ್ಲಿ ಸಿಗಬಹುದು?

ಬಾಣಾವರದ ಮಗಳು

ಎಲ್ಲರಿಗೂ ನಮಸ್ಕಾರ. ಹಳೇ ಹಾಡು ಚೆನ್ನಾಗಿ ಗೊತ್ತಿರುವವರು ದಯವಿಟ್ಟು ಸಹಾಯ ಮಾಡಿ.

ನಮ್ಮಪ್ಪನಿಗೆ ಈಗ ಎಪ್ಪತ್ತೊಂದು. ಊರು ಬಾಣಾವರದ ಹತ್ತಿರ ಒಂದು ಹಳ್ಳಿ. ಅಮ್ಮ ಹೋದ ಮೇಲೆ ನನ್ನ ಜೊತೆ ಬೆಂಗಳೂರಲ್ಲಿ ಇದ್ದಾರೆ. ಅವರಿಗೆ ತುಂಬಾ ಇಷ್ಟವಾದ ಹಾಡು ಅಂದ್ರೆ 'ಎರಡು ಕನಸು' ಚಿತ್ರದ 'ಎಂದೆಂದೂ ನಿನ್ನನು ಮರೆತು'. ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ ದಿನಾ ಹಾಡ್ತಾರೆ. ನಾನು ಚಿಕ್ಕವಳಿದ್ದಾಗಿಂದ ಕೇಳಿಕೊಂಡು ಬಂದಿದ್ದೇನೆ.

ಅವರು ಹಾಡುವ ರೀತಿಯಲ್ಲಿ ಒಂದು ವಿಶೇಷ ಇದೆ. ಶುರುವಿನಲ್ಲಿ ಪಲ್ಲವಿ ಸರಿಯಾಗೇ ಹಾಡ್ತಾರೆ. ಆದರೆ ಚರಣ ಮುಗಿಸಿ ಕೊನೆಗೆ ಪಲ್ಲವಿಗೆ ಬಂದಾಗ 'ಎಂದೆಂದೂ ನಿನ್ನನು ಮ... ನಿನ್ನನು ಮ... ನಿನ್ನನು ಮರೆತು' ಅಂತ ಹಾಡ್ತಾರೆ. ಮೊದಲ ಎರಡು ಸಲ ಆ 'ಮ' ಅರ್ಧಕ್ಕೇ ನಿಂತುಬಿಡುತ್ತೆ. ಯಾವತ್ತೂ ಅಷ್ಟೇ, ಅದೇ ಜಾಗ, ಮೂರೇ ಸಲ. ನಾಲ್ಕಾಗಲ್ಲ, ಎರಡಾಗಲ್ಲ.

ಹೋದ ವಾರ ಅವರ ಹುಟ್ಟಿದ ದಿನಕ್ಕೆ ಒಂದು ಸ್ಪೀಕರ್ ತಂದು ಈ ಹಾಡು ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ "ಚೆನ್ನಾಗಿದೆ ಮಗಳೇ, ಆದರೆ ಇದು ಆ ಹಾಡಲ್ಲ" ಅಂದರು. ಬೇರೆ ಬೇರೆ ಕಡೆ ಹುಡುಕಿ ನಾಲ್ಕೈದು ಸಲ ಹಾಕಿದೆ. ಒಂದರಲ್ಲಂತೂ ಯಾರೋ ಹೊಸದಾಗಿ ಡ್ರಮ್ಸ್ ಸೇರಿಸಿದ್ದರು, ಅದನ್ನು ಅವರೇ ನಿಲ್ಲಿಸು ಅಂದರು. ಯಾವುದರಲ್ಲೂ ಆ ಪದ ಮೂರು ಸಲ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಸಿನಿಮಾದಲ್ಲಿ ಒಂದು ಥರ, ರೆಕಾರ್ಡಿನಲ್ಲಿ ಇನ್ನೊಂದು ಥರ ಹಾಡಿದ್ದು ಇರಬಹುದಾ? ಇದ್ದರೆ ಎಲ್ಲಿ ಸಿಗುತ್ತೆ? ಎಷ್ಟು ಖರ್ಚಾದರೂ ಪರವಾಗಿಲ್ಲ.

ಬಾನುಲಿ ಭದ್ರಾವತಿ

ನಿಮ್ಮ ಪ್ರಶ್ನೆ ಓದಿ ಎದ್ದು ಹೋಗಿ ಆ ಹಾಡು ಹಾಕಿಕೊಂಡು ಕೇಳಿದೆ. 1974ರ ಚಿತ್ರ. ರಾಜನ್-ನಾಗೇಂದ್ರ ಸಂಗೀತ, ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ ಹಾಡಿದ್ದು. ನಾನು ಕೇಳಿರುವಂತೆ ಎಲ್ಲೂ 'ನಿನ್ನನು' ಮೂರು ಸಲ ಬರಲ್ಲ.

ಸಿನಿಮಾ ಹಾಡು ಬೇರೆ, ರೆಕಾರ್ಡ್ ಬೇರೆ ಅನ್ನೋದು ಹಿಂದೆ ಇತ್ತು ನಿಜ. ಹಳೇ 78 ಆರ್‌ಪಿಎಂ ತಟ್ಟೆಯಲ್ಲಿ ಒಂದು ಕಡೆಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಹಿಡಿಸುತ್ತಿತ್ತು. ಉದ್ದದ ಹಾಡಾದರೆ ಕತ್ತರಿಸಬೇಕು, ಇಲ್ಲಾಂದ್ರೆ ಅರ್ಧ ಹಾಡಿಗೆ ತಟ್ಟೆ ಮಗುಚಿ ಹಾಕಬೇಕು. ಆದರೆ ಕತ್ತರಿಸಿದರೆ ಪದ ಕಮ್ಮಿಯಾಗುತ್ತೆ, ಜಾಸ್ತಿ ಆಗಲ್ಲ ಅಲ್ವಾ?

ನಮಗೆ ಹಾಡು ಅಂದ್ರೆ ರೇಡಿಯೋ. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದಾಗ ನನಗೆ ಒಂಬತ್ತು ವರ್ಷ. ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡ್ ಬರೆದು, ನಮ್ಮ ಮನೆಯವರ ಹೆಸರೆಲ್ಲ ಸೇರಿಸಿ, ಸಾಲದು ಅಂತ ಪಕ್ಕದ ಮನೆ ಮಕ್ಕಳ ಹೆಸರೂ ಹಾಕಿ ಕಳಿಸುತ್ತಿದ್ದೆವು. ಬುಧವಾರ ರಾತ್ರಿ ಎಂಟು ಗಂಟೆಗೆ ಅಣ್ಣ ರೇಡಿಯೋ ಸಿಲೋನ್ ಹಿಡಿಯುತ್ತಿದ್ದ, ಹಿಂದಿ ಹಾಡಿನ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾಗೆ. ಹಿಂದಿ ಒಂದಕ್ಷರ ಬರದ ನಮ್ಮಜ್ಜಿ ಸಹ ಅದನ್ನು ನಡೆಸಿಕೊಡುತ್ತಿದ್ದ ಅಮೀನ್ ಸಯಾನಿ ದನಿಗೆ ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ಅಲೆ ಬಂದ ಹಾಗೆ ಹಾಡು ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ಈಗ ಅದೇ ಹಾಡುಗಳನ್ನು ಶುದ್ಧವಾಗಿ ಕೇಳಿದರೆ ನನಗೂ ಏನೋ ಕಮ್ಮಿ ಅನಿಸುತ್ತೆ. ನಿಮ್ಮ ತಂದೆಗೂ ಹಾಗೇ ಏನಾದರೂ ಇರಬಹುದು. ಆದರೆ ಆ ಮೂರು ಸಲದ ಲೆಕ್ಕ ನನಗೆ ಹೊಳೆಯುತ್ತಿಲ್ಲ.

ಕ್ಯಾಸೆಟ್ ಕಾಲದವನು

ನಾನು ನಿಮಗಿಂತ ಸ್ವಲ್ಪ ಚಿಕ್ಕವನು, 1987ರಲ್ಲಿ 'ಪ್ರೇಮಲೋಕ' ಬಂದಾಗ ಹೈಸ್ಕೂಲು. ಅದಕ್ಕೂ ಮೊದಲು ಮಾವ ಒಂದು ಸಿ-60 ಕ್ಯಾಸೆಟ್ಟಿಗೆ ಹಾಡು ತುಂಬಿಸಿ ತಂದಿದ್ದರು. ಹಾಳೆಯಲ್ಲಿ ಹಾಡಿನ ಪಟ್ಟಿ ಬರೆದು ಅಂಗಡಿಗೆ ಕೊಟ್ಟರೆ ಎರಡು ದಿನಕ್ಕೆ ತುಂಬಿಸಿ ಕೊಡುತ್ತಿದ್ದರು. ಒಂದು ಕಡೆಗೆ ಮೂವತ್ತು ನಿಮಿಷ. ಮೊದಲನೇ ಕಡೆಯ ಕೊನೇ ಹಾಡು 'ಗೀತಾ' ಚಿತ್ರದ 'ಜೊತೆಯಲಿ ಜೊತೆ ಜೊತೆಯಲಿ'. ಎರಡನೇ ಚರಣ ಶುರುವಾಗಿ ಎರಡು ಪದಕ್ಕೆ ಟೇಪ್ ಮುಗಿದು ಟಕ್ ಅಂತ ಬಟನ್ ಮೇಲೇಳುತ್ತಿತ್ತು. ಏಳು ವರ್ಷ ಹಾಗೇ ಕೇಳಿದೆ. ಈಗಲೂ ಆ ಹಾಡು ಎಲ್ಲಾದರೂ ಬಂದರೆ, ಆ ಎರಡು ಪದ ಆದ ಮೇಲೆ ನನ್ನ ಕಿವಿ ಆ ಟಕ್ ಶಬ್ದಕ್ಕೆ ಕಾಯುತ್ತೆ.

ನಿಮ್ಮ ತಂದೆ ಈ ಹಾಡನ್ನು ಮೊದಲು ಎಲ್ಲಿ ಕೇಳಿದರು, ಯಾವುದರಲ್ಲಿ ಕೇಳಿದರು ಅಂತ ಒಮ್ಮೆ ವಿಚಾರಿಸಿ.

ತಿಪಟೂರು ಮೈಕ್‌ಸೆಟ್

ಅಮ್ಮಾ, ಇದು ನನಗೆ ಗೊತ್ತಿರುವ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ.

1973ರಿಂದ ಹನ್ನೊಂದು ವರ್ಷ ನಾನು ತಿಪಟೂರಿನಲ್ಲಿ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ಕೆಲಸ ಮಾಡಿದೆ. ಮದುವೆ, ಜಾತ್ರೆ, ಗಣಪತಿ, ನಾಟಕ, ಎಲೆಕ್ಷನ್, ಏನಿದ್ದರೂ ನಾವೇ. ಒಂದು ಆಂಪ್ಲಿಫೈಯರ್, ಎರಡು ಹಾರನ್, ಒಂದು ಪ್ಲೇಯರ್, ಒಂದು ತಗಡಿನ ಪೆಟ್ಟಿಗೆ ತುಂಬ ಪ್ಲೇಟು, ಅಂದ್ರೆ ರೆಕಾರ್ಡು. ಎಷ್ಟೋ ಹಳ್ಳಿಗೆ ಕರೆಂಟ್ ಇರಲಿಲ್ಲ. ಹನ್ನೆರಡು ವೋಲ್ಟಿನ ಬ್ಯಾಟರಿ ಹೊತ್ತುಕೊಂಡು ಹೋಗಬೇಕು. ಅದರ ಆಸಿಡ್ ಚೆಲ್ಲಿ ನನ್ನ ಎಲ್ಲ ಪ್ಯಾಂಟಿಗೂ ಮೊಣಕಾಲ ಹತ್ತಿರ ತೂತು. ತೆಂಗಿನ ಮರಕ್ಕೆ ಹಾರನ್ ಕಟ್ಟುತ್ತಿದ್ದೆವು, ಒಂದು ಊರ ಕಡೆಗೆ, ಒಂದು ದಾರಿ ಕಡೆಗೆ. ದಾರಿ ಕಡೆಯದು ಬರುವ ನೆಂಟರಿಗೆ. ಹಾಡಿನ ದಿಕ್ಕು ಹಿಡಿದುಕೊಂಡು ಜನ ಮದುವೆ ಮನೆಗೆ ಬರುತ್ತಿದ್ದರು. ಟೂರಿಂಗ್ ಟಾಕೀಸಿನಲ್ಲೂ ಅಷ್ಟೇ, ಘಂಟಸಾಲ ಅವರ 'ನಮೋ ವೆಂಕಟೇಶ' ಕೇಳಿಸಿತು ಅಂದ್ರೆ ಟಿಕೆಟ್ ಕೊಡಲು ಶುರು ಮಾಡಿದರು ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು.

ನಿಮ್ಮ ತಂದೆ ಹಾಡುವುದರಲ್ಲಿ ತಪ್ಪಿಲ್ಲ. ಅವರು ಕೇಳಿದ ಪ್ಲೇಟಿನಲ್ಲಿ ಗೀರು ಇತ್ತು.

ಪ್ಲೇಟಿನ ಗೆರೆ ಹೊರಗಿನಿಂದ ಒಳಕ್ಕೆ ಸುತ್ತಿಕೊಂಡು ಹೋಗುವ ಒಂದೇ ಗೆರೆ. ಆ ಗೆರೆಯಲ್ಲಿ ಓಡುವ ಪ್ಲೇಯರಿನ ಸೂಜಿಗೆ ನಾವು ಮುಳ್ಳು ಅನ್ನುತ್ತಿದ್ದೆವು. ಅಡ್ಡ ಗೀರು ಬಿದ್ದರೆ ಮುಳ್ಳು ಅಲ್ಲಿಗೆ ಬಂದಾಗ ಒಂದು ಸುತ್ತು ಹಿಂದಕ್ಕೆ ಹಾರುತ್ತೆ. ಹಾಡಿದ್ದನ್ನೇ ಮತ್ತೆ ಹಾಡುತ್ತೆ. ನಾವು ಬಂದು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳುವ ತನಕ ಅಲ್ಲೇ ಸುತ್ತುತ್ತೆ. ಮನುಷ್ಯ ಪದ ಮತ್ತೆ ಹೇಳಿದರೆ ಪೂರ್ತಿ ಪದ ಹೇಳುತ್ತಾನೆ. ಪ್ಲೇಟಿಗೆ ಪದ ಗೊತ್ತಿಲ್ಲ. ಅದಕ್ಕೇ ಆ 'ಮ' ಅರ್ಧಕ್ಕೆ ನಿಲ್ಲುತ್ತೆ. ಗೀರು ಇರುವುದು ಒಂದೇ ಜಾಗದಲ್ಲಿ, ಅದಕ್ಕೇ ಮೊದಲ ಪಲ್ಲವಿ ಸರಿಯಾಗಿದೆ, ಕೊನೆಯದು ಮಾತ್ರ ಹೀಗೆ. ನೀವು ಆ 'ಮ' ವಿಷಯ ಬರೆದಿರದಿದ್ದರೆ ನನಗೂ ಇಷ್ಟು ಖಾತ್ರಿ ಇರುತ್ತಿರಲಿಲ್ಲ.

ಇನ್ನೂ ಅನುಮಾನ ಇದ್ದರೆ ಒಂದು ಪರೀಕ್ಷೆ ಹೇಳುತ್ತೇನೆ. 1974ರ ಹೊತ್ತಿಗೆ ಸಿನಿಮಾ ಹಾಡು ನಮಗೆ ಬರುತ್ತಿದ್ದುದು ಹೆಚ್ಚಾಗಿ ಇ.ಪಿ.ಯಲ್ಲಿ. ಏಳು ಇಂಚಿನ ಚಿಕ್ಕ ಪ್ಲೇಟು, ನಿಮಿಷಕ್ಕೆ 45 ಸುತ್ತು. ಅಂದ್ರೆ ಒಂದು ಸುತ್ತಿಗೆ ಒಂದು ಸೆಕೆಂಡು ಮತ್ತು ಅದರ ಮೂರನೇ ಒಂದು ಭಾಗ. ದೊಡ್ಡ ಎಲ್.ಪಿ.ಯಾದರೆ ಸುತ್ತಿಗೆ ಒಂದು ಮುಕ್ಕಾಲು ಸೆಕೆಂಡಿಗಿಂತ ಚೂರು ಜಾಸ್ತಿ. ತಂದೆಯವರು ಹಾಡುವಾಗ ಅವರಿಗೆ ಹೇಳದೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೊದಲನೇ 'ನಿನ್ನನು' ಶುರುವಾದಲ್ಲಿಂದ ಮೂರನೆಯದು ಶುರುವಾಗುವ ತನಕ ಎಷ್ಟು ಹೊತ್ತು ನೋಡಿ. ಎರಡು ಸುತ್ತು ಆಗಿರುತ್ತೆ.

ಗೀರು ಬಿದ್ದ ಪ್ಲೇಟಿಗೆ ನಮ್ಮ ಔಷಧಿ ನಾಲ್ಕಾಣೆ. ಮುಳ್ಳಿನ ಕೈ ತುದಿಯಲ್ಲಿ, ಸರಿಯಾಗಿ ಮುಳ್ಳಿನ ನೆತ್ತಿ ಮೇಲೆ, ನಾಲ್ಕಾಣೆ ಇಟ್ಟರೆ ಭಾರಕ್ಕೆ ಹಾರದೆ ಹೋಗುತ್ತೆ. ಐದು ಪೈಸೆ ಅಲ್ಯುಮಿನಿಯಂ, ಅದು ಸಾಲದು. ಎಂಟಾಣೆ ಇಟ್ಟರೆ ಗೆರೆ ಬೇಗ ಸವೆಯುತ್ತೆ. ನಾನು ಒಂದು ನಾಲ್ಕಾಣೆಗೆ ಹಿಂದೆ ಚೂರು ಸೋಪು ಮೆತ್ತಿ ಜಾರದ ಹಾಗೆ ಮಾಡಿಕೊಂಡಿದ್ದೆ. ಇವತ್ತಿಗೂ ಅದು ನನ್ನ ಮೇಜಿನ ಡ್ರಾಯರಿನಲ್ಲಿದೆ.

"ಇದು ಆ ಹಾಡಲ್ಲ" ಅಂದಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹಾರನ್‌ನಲ್ಲಿ ತಗ್ಗಿನ ಸ್ವರ ಬರುವುದಿಲ್ಲ. ತಬಲಾದ ಡಗ್ಗಾ ನಮಗೆ ಕೇಳಿಸುತ್ತಲೇ ಇರಲಿಲ್ಲ. ಬರೀ ದನಿ, ಕೊಳಲು, ಪಿಟೀಲು. ವಾಣಿ ಜಯರಾಂ ದನಿ ತೋಟ ದಾಟಿ ಕೆರೆ ಏರಿ ತನಕ ಹೋಗುತ್ತಿತ್ತು. ಬ್ಯಾಟರಿ ಇಳಿದರೆ ಪ್ಲೇಯರ್ ನಿಧಾನ ಆಗಿ ಪಿ.ಬಿ. ಶ್ರೀನಿವಾಸ್ ದನಿ ದಪ್ಪ ಆಗುತ್ತಿತ್ತು. ನಿಮ್ಮ ಹೊಸ ಸ್ಪೀಕರಿನಲ್ಲಿ ಡಗ್ಗಾ ಧಂ ಧಂ ಅನ್ನುವಾಗ ಅವರಿಗೆ ಅದು ಬೇರೆ ಹಾಡೇ. ಸ್ಪೀಕರಿನಲ್ಲಿ ಬಾಸ್ ಪೂರ್ತಿ ಇಳಿಸಿ, ಅದನ್ನು ಒಂದು ರೂಮಿನಲ್ಲಿಟ್ಟು ಅವರನ್ನು ದೂರದ ಬಾಲ್ಕನಿಯಲ್ಲಿ ಕೂರಿಸಿ ಒಮ್ಮೆ ನೋಡಿ. ಮೈಕ್‌ಸೆಟ್ ಹಾಡು ಯಾರೂ ಹತ್ತಿರ ಕೂತು ಕೇಳಿದ್ದಲ್ಲ.

ಆ ಪ್ಲೇಟೇ ಬೇಕು ಅಂದರೆ ಬೆಂಗಳೂರಿನಲ್ಲಿ ಚಿಕ್ಕಪೇಟೆ ಕಡೆ ಭಾನುವಾರ ಬೆಳಿಗ್ಗೆ ರಸ್ತೆ ಬದಿಯಲ್ಲಿ ಹಳೇ ಸಾಮಾನಿನ ಸಂತೆ ನಡೆಯುತ್ತೆ, ಅಲ್ಲಿ ಪ್ಲೇಟು ಮಾರುವವರು ಇದ್ದಾರೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ ತೆಗೆದುಕೊಳ್ಳಿ. ಆದರೆ ನಿಮಗೆ ಬೇಕಾದ ಗೀರು ಅದರಲ್ಲಿರುವುದಿಲ್ಲ.

ಬಾನುಲಿ ಭದ್ರಾವತಿ

ಮೈಕ್‌ಸೆಟ್ ಸ್ವಾಮಿ, ನಿಮಗೆ ಕೈ ಮುಗಿದೆ. ಕೊಳಲು ಪಿಟೀಲು ಮಾತ್ರ ಕೇಳಿಸುತ್ತಿತ್ತು ಅಂದಿರಲ್ಲ, ಅದು ನೂರಕ್ಕೆ ನೂರು ನಿಜ. ನಾವು ಹೊಳೆ ಆಚೆಯಿಂದ ಕೇಳುತ್ತಿದ್ದೆವು. ಅಂದಹಾಗೆ, ಮದುವೆ ಮನೆಯಲ್ಲಿ ಮೊದಲು ಹಾಕುವ ಪ್ಲೇಟು ಯಾವುದು? ನಮ್ಮ ಕಡೆ ಎಸ್. ಜಾನಕಿ ಅವರ 'ಗಜಮುಖನೆ ಗಣಪತಿಯೆ'.

ತಿಪಟೂರು ಮೈಕ್‌ಸೆಟ್

ನಮ್ಮಲ್ಲೂ ಅದೇ. ಆ ಪ್ಲೇಟು ಬೇರೆಯದಕ್ಕಿಂತ ಬೇಗ ಸವೆಯುತ್ತಿತ್ತು. ವರ್ಷಕ್ಕೊಂದು ಹೊಸದು ತರಬೇಕು.

ಬಾಣಾವರದ ಮಗಳು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೂರು ದಿನ ಕಾದು ರೆಕಾರ್ಡ್ ಮಾಡಿಕೊಂಡೆ. ಬಾತ್‌ರೂಮಿನ ಬಾಗಿಲ ಹೊರಗೆ ಫೋನ್ ಹಿಡಿದು ನಿಂತಿದ್ದೆ. ಮೊದಲನೇ 'ನಿನ್ನನು' ಇಂದ ಮೂರನೆಯದಕ್ಕೆ ಎರಡೂವರೆ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಮಾರನೇ ದಿನ ಮತ್ತೆ ನೋಡಿದೆ, ಹೆಚ್ಚುಕಮ್ಮಿ ಅಷ್ಟೇ. ನಿಮ್ಮ ಇ.ಪಿ. ಲೆಕ್ಕಕ್ಕೆ ಸರಿಯಾಗಿ ಬಂತು. ಅಲ್ಲೇ ನಿಂತು ಅತ್ತುಬಿಟ್ಟೆ.

ಆಮೇಲೆ ಅಪ್ಪನನ್ನೇ ಕೇಳಿದೆ. 1975ರಲ್ಲಿ ದೊಡ್ಡತ್ತೆಯ ಮದುವೆ. ಚಪ್ಪರದ ದಿನ ರಾತ್ರಿ. ಅಪ್ಪನಿಗೆ ಆಗ ಇಪ್ಪತ್ತೊಂದು, ಬಾವಿಯಿಂದ ನೀರು ಹೊತ್ತು ಹಾಕುವ ಕೆಲಸ ಅವರದು. ಆ ಹಾಡು ಹಾಕು ಅಂತ ಮೈಕ್‌ಸೆಟ್ ಹುಡುಗನಿಗೆ ಹೇಳಿ ಹೇಳಿ ನಾಲ್ಕು ಸಲ ಹಾಕಿಸಿದರಂತೆ. ನಾಲ್ಕು ಸಲವೂ ಅಲ್ಲೇ ನಿಂತಿತಂತೆ. ಆ ಹುಡುಗ ಊಟಕ್ಕೆ ಕೂತಿದ್ದವನು ಎಲೆ ಬಿಟ್ಟು ಎಂಜಲು ಕೈಯಲ್ಲೇ ಓಡಿ ಹೋಗಿ ಎಡಗೈ ಬೆರಳಿನಿಂದ ತಳ್ಳುತ್ತಿದ್ದನಂತೆ. ಅವನು ಓಡಿ ಹೋಗಿ ಮುಟ್ಟುವಷ್ಟರಲ್ಲಿ ಮೂರು ಸಲ ಆಗುತ್ತಿತ್ತು ಅಂದರು. ಅತ್ತೆ ಹೋಗಿ ಎಂಟು ವರ್ಷ ಆಯಿತು. ಈ ಕಥೆ ನನಗೆ ಇವತ್ತಿನ ತನಕ ಯಾರೂ ಹೇಳಿರಲಿಲ್ಲ.

ಸರ್, ಆ ಹುಡುಗ ನೀವೇ ಇರಬಹುದಾ ಅಂತ ಅಪ್ಪ ಕೇಳುತ್ತಿದ್ದಾರೆ.

ತಿಪಟೂರು ಮೈಕ್‌ಸೆಟ್

ಇಲ್ಲಮ್ಮ. ಬಾಣಾವರದ ಕಡೆಗೆ ನಮ್ಮ ಸೆಟ್ಟು ಬರುತ್ತಿರಲಿಲ್ಲ, ಆ ಹಳ್ಳಿಗಳಿಗೆಲ್ಲ ಅರಸೀಕೆರೆಯಿಂದ ಬರುತ್ತಿತ್ತು. ಆದರೆ ಎಂಜಲು ಕೈ ಮೇಲೆತ್ತಿಕೊಂಡು ಎಡಗೈಯಲ್ಲಿ ತಳ್ಳಿದ್ದು ನಾನೂ ನೂರು ಸಲ ಮಾಡಿದ್ದೇನೆ. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಬಾಲ್ಕನಿಯಲ್ಲಿ ಕೂರಿಸಿ ನೋಡಿದಿರಾ?

ಬಾಣಾವರದ ಮಗಳು

ಇವತ್ತು ಸಂಜೆ ನೋಡಿದೆ ಸರ್. ಬಾಸ್ ಪೂರ್ತಿ ಇಳಿಸಿ ಸ್ಪೀಕರನ್ನು ಹಿಂದಿನ ರೂಮಿನ ಕಿಟಕಿಯಲ್ಲಿಟ್ಟೆ. ಅಪ್ಪ ಮುಂದಿನ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು. ಕೊಳಲು ಬಂದ ಕೂಡಲೇ ಲೋಟ ಕೆಳಗಿಟ್ಟರು. ಹಾಡು ಕೊನೇ ಪಲ್ಲವಿಗೆ ಬಂದಾಗ "ನಿಲ್ಸು, ನಿಲ್ಸು" ಅಂತ ಕೂಗಿದರು. ನಿಲ್ಲಿಸಿದೆ. ಅಲ್ಲಿ ಅವರೇ ಎರಡು ಸಲ ಹಾಡಿ, ಎಡಗೈ ಬೆರಳಿನಿಂದ ಗಾಳಿಯಲ್ಲಿ ಮೆಲ್ಲಗೆ ತಳ್ಳಿ, "ಹೂಂ, ಈಗ ಬಿಡು" ಅಂದರು.