ಕೆಳಗೆ ಒಂದು ಹನಿಯೂ ಇಲ್ಲ, ಕೂಲಂಟ್ ಮಾತ್ರ ಇಳಿಯುತ್ತಿದೆ

ಪ್ರಶ್ನೆ (ಧಾರವಾಡದಿಂದ)

ನಮ್ಮದು 2015ರ ಪೆಟ್ರೋಲ್ ಕಾರು. ಕೆಲವು ತಿಂಗಳುಗಳಿಂದ ಕೂಲಂಟ್ (ಎಂಜಿನ್ನನ್ನು ತಣಿಸುವ ದ್ರವ) ಬಾಟಲಿಯ ಮಟ್ಟ ಎರಡು-ಮೂರು ವಾರಗಳಲ್ಲಿ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯುತ್ತಿದೆ. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಟ್ಟರೂ ಬೆಳಿಗ್ಗೆ ಅದರ ಮೇಲೆ ಒಂದು ಹನಿಯ ಗುರುತೂ ಇರುವುದಿಲ್ಲ. ಊರೊಳಗೆ ಓಡಿಸಿದರೆ ತೊಂದರೆಯಿಲ್ಲ; ಆದರೆ ಅಂಕೋಲಾದಿಂದ ಮರಳುವಾಗ ಅರಬೈಲ್ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೇರಿತು, ಎ.ಸಿ. ಆರಿಸಿದ ಮೇಲೆ ಇಳಿಯಿತು. ಗ್ಯಾರೇಜಿನವರು ರೇಡಿಯೇಟರ್ ಬದಲಿಸಲು ಹೇಳುತ್ತಿದ್ದಾರೆ. ಕಾರಿನ ಹಿಂದಿನ ಮಾಲೀಕರು ಬೋರ್‌ವೆಲ್ ನೀರನ್ನೇ ತುಂಬಿಸುತ್ತಿದ್ದರು. ರೇಡಿಯೇಟರ್ ಕೊಳ್ಳುವ ಮೊದಲು ಬೇರೇನನ್ನಾದರೂ ಪರೀಕ್ಷಿಸಬೇಕೆ?

ಉತ್ತರ (ಹುಬ್ಬಳ್ಳಿಯಿಂದ)

ಸರ್, ರೇಡಿಯೇಟರಿನ ದುಡ್ಡು ಸದ್ಯಕ್ಕೆ ನಿಮ್ಮ ಕಿಸೆಯಲ್ಲಿಯೇ ಇರಲಿ. ಸೋರುವ ಜಾಗ ಕಣ್ಣಿಗೆ ಬೀಳುವವರೆಗೆ ಯಾವ ಭಾಗವನ್ನೂ ಬದಲಿಸಬೇಡಿ. ಕೆಳಗೆ ಹನಿ ಬೀಳಲಿಲ್ಲವೆಂದ ಮಾತ್ರಕ್ಕೆ ಸೋರಿಕೆ ಇಲ್ಲವೆಂದಲ್ಲ. ಎಂಜಿನ್ ಕಾದು ಒಳಗೆ ಒತ್ತಡ ಏರಿದಾಗ ಮಾತ್ರ ಜಿನುಗುವ ಕೂಲಂಟ್ ಬಿಸಿ ಲೋಹದ ಮೇಲೆಯೇ ಆರಿಹೋಗಿ, ಬಿಳಿಯ ಇಲ್ಲವೆ ಕೂಲಂಟಿನದೇ ಬಣ್ಣದ ತೆಳು ಪೊರೆಯನ್ನು ಬಿಟ್ಟಿರುತ್ತದೆ. ಹುಡುಕಬೇಕಾದದ್ದು ಆ ಪೊರೆಯನ್ನು.

ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಿರಿ. ಬಿಸಿಯಿರುವಾಗ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಮುಚ್ಚಳದ ರಬ್ಬರ್ ವಾಷರ್ ಬಿರಿದಿದ್ದರೆ ಮೊದಲು ಮುಚ್ಚಳವನ್ನೇ ಬದಲಿಸಿ. ಅದು ಸಾಮಾನ್ಯವಾಗಿ 0.9ರಿಂದ 1.1 ಬಾರ್ ಒತ್ತಡವನ್ನು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರಿಯ ನೀರು ಕೂಡ ಸುಮಾರು 120 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಕುದಿಯುವುದಿಲ್ಲ. ಒತ್ತಡ ನಿಲ್ಲದಿದ್ದರೆ ಘಾಟಿ ಏರುವಾಗ ಕೂಲಂಟ್ ಬೇಗನೆ ಕುದಿದು ಬಾಟಲಿಯ ಮೂಲಕ ಹೊರಹೋಗುತ್ತದೆ.

ಮುಚ್ಚಳ ಸರಿಯಿದ್ದರೆ ಪ್ರೆಶರ್ ಟೆಸ್ಟರ್ ಇರುವ ಗ್ಯಾರೇಜಿಗೆ ಹೋಗಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ವಿಚಾರಿಸಿದರೆ ಸಿಗುತ್ತದೆ. ಮುಚ್ಚಳದ ಜಾಗಕ್ಕೆ ಕೂಡಿಸುವ ಈ ಕೈಪಂಪಿನಿಂದ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಏರಿಸಿ, ಕಾಲು ಗಂಟೆ ಪಂಪಿನ ಒತ್ತಡದ ಮುಳ್ಳನ್ನು ಗಮನಿಸಬೇಕು. ಮುಳ್ಳು ಇಳಿಯುತ್ತಿರುವಾಗಲೇ ಟಾರ್ಚ್ ಹಿಡಿದು ಹೋಸ್‌ಗಳ ತುದಿಗಳನ್ನು, ವಾಟರ್ ಪಂಪಿನ ಕೆಳಗಿರುವ ಸಣ್ಣ ರಂಧ್ರವನ್ನು, ರೇಡಿಯೇಟರಿನ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಕೂಡುವ ಅಂಚನ್ನು ನೋಡಿ. ಹೊರಗೆ ಏನೂ ಕಾಣದಿದ್ದರೆ ಮುಂದಿನ ಸೀಟಿನ ಕಾಲ್ಕೆಳಗಿನ ಮ್ಯಾಟ್ ಎತ್ತಿ ನೋಡಿ. ಅಲ್ಲಿ ಅಂಟಾದ ತೇವ, ಸಿಹಿ ವಾಸನೆ ಇದ್ದರೆ ಬಿಸಿ ಕೂಲಂಟ್ ಹರಿಯುವ ಹೀಟರ್ ಸೋರುತ್ತಿದೆ. ಬಣ್ಣವಿಲ್ಲದ, ವಾಸನೆಯಿಲ್ಲದ ನೀರಾದರೆ ಅದು ಎ.ಸಿ.ಯದು. ಎಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗ, ಕೆಳಭಾಗಗಳ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕು. ಆಗ ಕಾರನ್ನು ಓಡಿಸಬೇಡಿ.

ಪ್ರಶ್ನೆ ಕೇಳಿದವರಿಂದ

ಪರೀಕ್ಷೆ ಮಾಡಿಸಿದೆ, ಸರ್. ಒತ್ತಡ ನಿಧಾನವಾಗಿ ಇಳಿಯಿತು. ಥರ್ಮೋಸ್ಟ್ಯಾಟ್ (ಬಿಸಿಗೆ ತಕ್ಕಂತೆ ಕೂಲಂಟಿನ ಹರಿವನ್ನು ತೆರೆಯುವ ವಾಲ್ವ್) ಕೂರುವ ಹೌಸಿಂಗಿನ ಅಲ್ಯೂಮಿನಿಯಂ ಕೊಳವೆಗೆ ಮೇಲಿನ ಹೋಸ್ ಕೂಡುವಲ್ಲಿ, ಕ್ಲಿಪ್ಪಿನ ಅಡಿಯಲ್ಲಿ, ಸಣ್ಣ ಹನಿಯೊಂದು ಕಟ್ಟಿಕೊಂಡು ನಿಂತಿತು. ಹೋಸ್ ಕಳಚಿದಾಗ ಕೊಳವೆಯ ಸುತ್ತ ಗಟ್ಟಿಯಾದ ಬಿಳಿ ಪುಡಿ ಇತ್ತು. ಅದನ್ನು ಕೆರೆದರೆ ಉಗುರು ಸಿಲುಕುವಷ್ಟು ಆಳದ ಗುಳಿಗಳಿವೆ. ಹೊಸ ಕ್ಲಿಪ್ ಹಾಕಿ ಬಿಗಿದರೆ ಸಾಕೆ? ಸೋರಿಕೆ ನಿಲ್ಲಿಸುವ ಪುಡಿ ಹಾಕಿರೆಂದೂ ಒಬ್ಬರು ಹೇಳಿದರು.

ಉತ್ತರ (ಹುಬ್ಬಳ್ಳಿಯಿಂದ)

ಸಾಲದು. ಬೋರ್‌ವೆಲ್ ನೀರಿನ ಲವಣಗಳು ಅಲ್ಯೂಮಿನಿಯಮ್ಮನ್ನು ತಿಂದಿವೆ. ಗುಳಿಗಳು ಹೋಸ್‌ನ ಒಳಬದಿಯವರೆಗೆ ಹಬ್ಬಿರುವುದರಿಂದ ಕ್ಲಿಪ್ ಎಷ್ಟು ಬಿಗಿದರೂ ರಬ್ಬರ್ ಅವುಗಳ ಮೇಲೆ ಕೂರುವುದಿಲ್ಲ. ಹೌಸಿಂಗ್ ಮತ್ತು ಮೇಲಿನ ಹೋಸ್ ಹೊಸತು ಹಾಕಿಸಿ. ಹೇಗೂ ಬಿಚ್ಚುವುದರಿಂದ ಥರ್ಮೋಸ್ಟ್ಯಾಟನ್ನೂ ಗ್ಯಾಸ್ಕೆಟ್ಟನ್ನೂ ಜೊತೆಗೇ ಬದಲಿಸುವುದು ಲೇಸು. ಪುಡಿಯ ಗೊಡವೆ ಬೇಡ: ಅದು ಸೋರುವ ಜಾಗವನ್ನಷ್ಟೇ ಅಲ್ಲ, ಹೀಟರಿನ ಸಣ್ಣ ನಾಳಗಳನ್ನೂ ಕಟ್ಟಿಬಿಡಬಹುದು.

ಆಮೇಲೆ ಹಳೆಯದನ್ನೆಲ್ಲ ಇಳಿಸಿ, ಹೊರಬರುವ ನೀರು ತಿಳಿಯಾಗುವವರೆಗೆ ಡಿಸ್ಟಿಲ್ಡ್ ವಾಟರಿನಿಂದ ತೊಳೆಸಿ. ಬ್ಯಾಟರಿ ಅಂಗಡಿಗಳಲ್ಲಿ ಅದು ಸಿಗುತ್ತದೆ, ಆದರೆ ಪಕ್ಕದಲ್ಲಿಯೇ ಆ್ಯಸಿಡ್ ಕ್ಯಾನುಗಳೂ ಇರುವುದರಿಂದ ಚೀಟಿ ಓದಿ ಕೊಳ್ಳಿ. ಕಾರಿನ ಕೈಪಿಡಿ ಹೇಳುವ ಬಗೆಯ ಕೂಲಂಟನ್ನೇ ತನ್ನಿ. ಗಾಢವಾದದ್ದಾದರೆ ಸಮಪ್ರಮಾಣದ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು; ಬೆರೆಸಿಯೇ ಮಾರುವ ಡಬ್ಬಿಗೆ ಮತ್ತೆ ನೀರು ಸೇರಿಸಬಾರದು. ನಮ್ಮ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲದಿರುವುದರಿಂದ ಕೂಲಂಟ್ ಏಕೆಂದು ಅನೇಕರು ಕೇಳುತ್ತಾರೆ. ಲೋಹ ಸವೆಯದಂತೆ ಕಾಯುವುದೂ ಕೂಲಂಟಿನದೇ ಕೆಲಸ; ನಿಮ್ಮ ಕೊಳವೆಯ ಗುಳಿಗಳೇ ಅದಕ್ಕೆ ಉತ್ತರ.

ತುಂಬಿಸುವಾಗ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕಾರಿನ ಮೂತಿಯನ್ನು ತುಸು ಏರಿನ ಕಡೆಗೆ ನಿಲ್ಲಿಸಿ, ಒಳಗಿನ ಗಾಳಿ ಹೋಗಲು ಬಿಡಿ. ಇಳಿಸಿದ ಕೂಲಂಟನ್ನು ಗಟಾರಿಗೆ ಚೆಲ್ಲಲು ಬಿಡಬೇಡಿ. ಅದು ಸಿಹಿಯಾಗಿರುವುದರಿಂದ ನಾಯಿ, ದನಗಳು ನೆಕ್ಕುತ್ತವೆ, ಅದು ವಿಷ. ಮೊದಲ ಕೆಲವು ದಿನ, ಉಳಿದ ಗಾಳಿ ಹೊರಬಿದ್ದಂತೆ ಮಟ್ಟ ತುಸು ಇಳಿಯುವುದು ಸಹಜ. ಆಮೇಲೂ ಇಳಿದರೆ ಪ್ರೆಶರ್ ಟೆಸ್ಟ್ ಮತ್ತೊಮ್ಮೆ ಮಾಡಿಸಿ, ಈ ಸಲ ವಾಟರ್ ಪಂಪಿನಿಂದಲೇ ಹುಡುಕಲು ಶುರುಮಾಡಿ.